ವಾಲ್ಯೂಮ್ ನಾಲ್ಕು

ನಮ್ಮ ಮನೆಯಲ್ಲಿ ರಾತ್ರಿ ಹನ್ನೊಂದು ದಾಟಿದ ಮೇಲೆ ಫುಟ್‌ಬಾಲ್ ನೋಡುವುದಾದರೆ ಟಿವಿ ವಾಲ್ಯೂಮ್ ನಾಲ್ಕು. ಎಲ್ಲೂ ಬರೆದಿಟ್ಟ ನಿಯಮ ಅಲ್ಲ. ವರ್ಷಗಟ್ಟಲೆ ಜಗಳ ಆಗಿ, ರಾಜಿ ಆಗಿ, ಮತ್ತೆ ಜಗಳ ಆಗಿ ಕೊನೆಗೆ ಬಂದು ನಿಂತ ಅಂಕಿ. ಐದು ಮಾಡಿದರೆ ಆಯಿಗೆ, ಅಂದರೆ ಅಮ್ಮನಿಗೆ, ಎಚ್ಚರ ಆಗುತ್ತದೆ. ಮೂರಕ್ಕೆ ಇಳಿಸಿದರೆ ಕಾಮೆಂಟರಿಯವನು ಪಕ್ಕದ ಮನೆಯಲ್ಲಿ ಕೂತು ಯಾರಿಗೋ ಗುಟ್ಟು ಹೇಳುತ್ತಿದ್ದ ಹಾಗೆ ಕೇಳುತ್ತದೆ. ಮಳೆಗಾಲದಲ್ಲಿ ಮಾತ್ರ ಒಂಬತ್ತರ ತನಕ ರಿಯಾಯಿತಿ ಇದೆ. ಹಿತ್ತಿಲ ಕಡೆ ತಗಡು ಹಾಕಿಸಿದ್ದೇವೆ. ಕಾರವಾರದ ಜುಲೈ ಮಳೆ ಆ ತಗಡಿನ ಮೇಲೆ ಬಿತ್ತು ಅಂದರೆ ಹತ್ತು ಸಾವಿರ ಜನ ಒಟ್ಟಿಗೆ ಚಪ್ಪಾಳೆ ತಟ್ಟಿದ ಹಾಗೆ. ಅದರ ಎದುರು ಟಿವಿಯ ಒಂಬತ್ತು ಯಾವ ಲೆಕ್ಕ?

ತಿನ್ನುವುದಕ್ಕೂ ಕಾನೂನಿದೆ. ಸ್ಟೀಲ್ ಡಬ್ಬಿಯ ಮುಚ್ಚಳ ರಾತ್ರಿ ಒಂದು ಗಂಟೆಗೆ ಎಷ್ಟು ಸದ್ದು ಮಾಡುತ್ತದೆ ಅನ್ನುವುದು ತೆಗೆದವರಿಗೇ ಗೊತ್ತು. ಅದಕ್ಕೆ ಎಲ್ಲರೂ ಮಲಗುವ ಮೊದಲೇ ಅವಲಕ್ಕಿ ಚೂಡಾವನ್ನು ಪ್ಲೇಟಿಗೆ ಸುರಿದು, ಮೇಲೆ ಪೇಪರ್ ಮುಚ್ಚಿ ಇಟ್ಟುಕೊಳ್ಳುತ್ತೇನೆ. ಚಹಾ ಫ್ಲಾಸ್ಕಿನಲ್ಲಿ. ಚಕ್ಕುಲಿ ಪೂರ್ತಿ ನಿಷೇಧ. ಒಮ್ಮೆ ಚೌತಿ ಮುಗಿದ ವಾರ ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ನೋಡುತ್ತಾ ಒಂದು ಚಕ್ಕುಲಿ ಕಡಿದಿದ್ದಕ್ಕೆ ಹೆಂಡತಿ ಎದ್ದು ಬಂದು ಟಿವಿಯನ್ನೇ ಆರಿಸಿದ್ದಳು. ಬಾಳೆಹಣ್ಣು ಒಳ್ಳೆಯದು. ಸದ್ದಿಲ್ಲ, ಸುಲಿದರೆ ಆಯ್ತು.

ಇನ್ನು ಗೋಲು. ಗೋಲು ಬಿದ್ದಾಗ ಕೂಗುವ ಹಾಗಿಲ್ಲ, ಕುಣಿಯುವ ಹಾಗಿಲ್ಲ, ಸೋಫಾದ ಮೇಲೆ ಹೊಡೆಯುವ ಹಾಗೂ ಇಲ್ಲ. ಹಾಗಂತ ಬಂದ ಕೂಗು ಎಲ್ಲಾದರೂ ಹೋಗಬೇಕಲ್ಲ. ನಾನು ಎದ್ದು ಅಡುಗೆಮನೆಗೆ ಹೋಗಿ ಕೊಡದಿಂದ ಒಂದು ಲೋಟ ನೀರು ಬಗ್ಗಿಸಿ ಗಟಗಟ ಕುಡಿದು ಬರುತ್ತೇನೆ. ನೀರಿನ ಜೊತೆ ಕೂಗೂ ಒಳಗೆ ಇಳಿಯುತ್ತದೆ. ಎಷ್ಟು ವರ್ಷದಿಂದ ಹೀಗೆ ಅಂದರೆ, ಬೆಳಿಗ್ಗೆ ಅಪ್ಪ ಹಲ್ಲುಜ್ಜುತ್ತಾ ಕೇಳುತ್ತಾರೆ: "ನಿನ್ನೆ ಮೂರು ಸಲ ಲೋಟದ ಸದ್ದಾಯ್ತು. ಮೂರು–ಸೊನ್ನೆಯೋ?" ಅವರದು ಗಟ್ಟಿ ನಿದ್ದೆ ಅಲ್ಲ. ಎಪ್ಪತ್ತೆಂಟು ವರ್ಷ. ಆದರೆ ಎದುರು ತಂಡದ ಗೋಲು ಅವರ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೆ ನಾನು ನೀರು ಕುಡಿಯುವುದಿಲ್ಲ.

ಶುರುವಾಗಿದ್ದು 1994ರಲ್ಲಿ. ನನಗೆ ಹತ್ತು ವರ್ಷ. ಅಮೆರಿಕದ ಪಸಡೀನಾದಲ್ಲಿ ವಿಶ್ವಕಪ್ ಫೈನಲ್. ಅಲ್ಲಿ ಮಟಮಟ ಮಧ್ಯಾಹ್ನ, ಇಲ್ಲಿ ರಾತ್ರಿ ಒಂದು ಗಂಟೆ. ಬ್ರೆಜಿಲ್ ಮತ್ತು ಇಟಲಿ. ಅಪ್ಪ ಆಗ ಬಂದರಿನ ಕಡೆ ಗುಮಾಸ್ತರು. ಸಂಜೆ ಹೊತ್ತು ಮಾಲಾದೇವಿ ಮೈದಾನದಲ್ಲಿ ಆಫೀಸ್ ತಂಡಕ್ಕೆ ಲೆಫ್ಟ್ ಬ್ಯಾಕ್ ಆಡುತ್ತಿದ್ದರು. ಅವತ್ತು ಒಂಬತ್ತಕ್ಕೇ ನನ್ನನ್ನು ಮಲಗಿಸಿ, ಸರಿಯಾಗಿ ಒಂದಕ್ಕೆ ಹತ್ತು ನಿಮಿಷ ಇರುವಾಗ ಎಬ್ಬಿಸಿದರು. ಹೊರಗೆ ಮಳೆ. ನಾವಿಬ್ಬರೂ ಒಂದೇ ಕಂಬಳಿ ಹೊದ್ದು ಕೂತೆವು.

ನಾನು ಇಟಲಿ ಕಡೆ. ಕಾರಣ ಒಂದೇ, ರಾಬರ್ಟೊ ಬ್ಯಾಜಿಯೊ. ತಲೆಯ ಹಿಂದೆ ಸಣ್ಣ ಜುಟ್ಟು. "ಗೋಕರ್ಣದ ಭಟ್ಟರ ಮಾಣಿ ಚೆಂಡಾಟಕ್ಕೆ ಬಂದ ಹಾಗಿದೆ," ಅಂತ ಆಯಿ ನಕ್ಕಿದ್ದಳು. ಆ ಮಾಣಿ ನೈಜೀರಿಯಾ ಮೇಲೆ 88ನೇ ನಿಮಿಷದಲ್ಲಿ ಗೋಲು ಹೊಡೆದು ಇಟಲಿಯನ್ನು ಬದುಕಿಸಿದ. ಸ್ಪೇನ್ ಮೇಲೆ ಗೆಲುವಿನ ಗೋಲೂ ಅವನದ್ದೇ. ಬಲ್ಗೇರಿಯಾ ಮೇಲೆ ಎರಡು. ಒಬ್ಬನೇ ಇಡೀ ತಂಡವನ್ನು ಹೆಗಲ ಮೇಲೆ ಹೊತ್ತು ಫೈನಲ್ಲಿಗೆ ತಂದಿದ್ದ.

ಫೈನಲ್‌ನಲ್ಲಿ ಗೋಲೇ ಇಲ್ಲ. ತೊಂಬತ್ತು ನಿಮಿಷ ಆಯ್ತು, ಇನ್ನೂ ಮೂವತ್ತು ನಿಮಿಷ ಆಯ್ತು, ಸೊನ್ನೆ–ಸೊನ್ನೆ. ಪೆನಾಲ್ಟಿ ಶುರುವಾಯ್ತು. ಇಟಲಿಯ ಬರೇಸಿ ಮೇಲಕ್ಕೆ ಹೊಡೆದ. ಬ್ರೆಜಿಲ್‌ನವನ ಒದೆಯನ್ನು ಗೋಲಿ ಹಿಡಿದ. ಅಷ್ಟರಲ್ಲಿ ಕರೆಂಟ್ ಹೋಯ್ತು.

ಜುಲೈ ತಿಂಗಳ ಕರೆಂಟ್. ಹೋದರೆ ಅದು ತನಗೆ ಬೇಕಾದಾಗ ಬರುವುದು. ಅಪ್ಪ ಕತ್ತಲಲ್ಲಿ ಕೂತೇ ಇದ್ದರು. ನಾನೂ. ಟಿವಿಯ ಗಾಜಿನ ಮಧ್ಯದಲ್ಲಿ ಒಂದು ಬಿಳಿ ಚುಕ್ಕೆ ಸ್ವಲ್ಪ ಹೊತ್ತು ಉಳಿದು ಆರಿಹೋಯಿತು. ಯಾರು ಗೆದ್ದರು? ಕೇಳಲು ಯಾರೂ ಇಲ್ಲ. ಓಣಿ ಪೂರ್ತಿ ಮಲಗಿತ್ತು. ಬೆಳಿಗ್ಗೆ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದ ಪೇಪರ್ ತೆಗೆದು ನೋಡಿದರೆ ಅದರಲ್ಲಿ "ಇಂದು ಫೈನಲ್" ಅಂತ ಇತ್ತು. ಪೇಪರ್ ಅಚ್ಚಾಗುವ ಹೊತ್ತಿಗೆ ಪಂದ್ಯ ಶುರುವೇ ಆಗಿರಲಿಲ್ಲ ನೋಡಿ. ಕೊನೆಗೆ ರೇಡಿಯೋ ವಾರ್ತೆಯಲ್ಲಿ ಒಂದೇ ವಾಕ್ಯ ಬಂತು. ಬ್ಯಾಜಿಯೊ ಕೊನೆಯ ಪೆನಾಲ್ಟಿಯನ್ನು ಅಡ್ಡಪಟ್ಟಿಯ ಮೇಲಿಂದ ಹೊಡೆದಿದ್ದು, ಸೊಂಟಕ್ಕೆ ಕೈ ಕೊಟ್ಟು ತಲೆ ತಗ್ಗಿಸಿ ನಿಂತಿದ್ದು, ಅದೆಲ್ಲ ನನಗೆ ಸಿಕ್ಕಿದ್ದು ಮರುದಿನದ ಪೇಪರಿನ ಕಪ್ಪುಬಿಳುಪು ಚಿತ್ರದಲ್ಲಿ. ಆ ಒದೆಯನ್ನು ಆಮೇಲೆ ಯೂಟ್ಯೂಬಿನಲ್ಲಿ ನೂರು ಸಲ ನೋಡಿದ್ದೇನೆ. ಆದರೂ ನನ್ನ ಲೆಕ್ಕದಲ್ಲಿ ಅದು ಕತ್ತಲಲ್ಲೇ ಆದ ಒದೆ.

ಹಾಗೆ ನಾನು ಇಟಲಿಯವನಾದೆ. ಕಾರವಾರದಲ್ಲಿ ಇಟಲಿಯವರು ಕಡಿಮೆ. ಇಲ್ಲಿ ಬ್ರೆಜಿಲ್ ಇಲ್ಲ ಅರ್ಜೆಂಟೀನಾ. ಗೋವಾ ಗಾಳಿ ಬಡಿದವರು ಪೋರ್ಚುಗಲ್.

ಈ ಕರಾವಳಿಯಲ್ಲಿ ವಿಶ್ವಕಪ್ಪಿಗೆ ಒಂದು ಅನುಕೂಲ ಇದೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಮೀನುಗಾರಿಕೆ ಬಂದ್. ಮೀನು ಮೊಟ್ಟೆ ಇಡುವ ಕಾಲ. ಬೈತಖೋಲದಲ್ಲಿ ಬೋಟುಗಳೆಲ್ಲ ಒಂದಕ್ಕೊಂದು ಅಂಟಿ ನಿಂತಿರುತ್ತವೆ. ಬೋಟು ನಡೆಸುವ ತಾಂಡೇಲರು, ಅದರಲ್ಲಿ ದುಡಿಯುವ ಕಲಾಸಿಗಳು ಹಗಲು ಬಲೆ ರಿಪೇರಿ ಮಾಡಿಕೊಂಡು ದಡದಲ್ಲೇ ಇರುತ್ತಾರೆ. ವಿಶ್ವಕಪ್ ಬರುವುದೂ ಹೆಚ್ಚಾಗಿ ಜೂನ್–ಜುಲೈನಲ್ಲೇ. ರಾತ್ರಿ ಒಂದೂವರೆಗೆ ಎಚ್ಚರ ಇರುವುದಕ್ಕೆ ಅವರಿಗಿಂತ ಬೇರೆ ಯೋಗ್ಯರು ಯಾರು? ಸಮುದ್ರದಲ್ಲಿ ಆ ಹೊತ್ತಿಗೆ ಬಲೆ ಎಳೆಯುವವರು ಅವರು. 2014ರಲ್ಲಿ ರಜೆ ಮೇಲೆ ಊರಿಗೆ ಬಂದಿದ್ದೆ. ಬ್ರೆಜಿಲ್–ಜರ್ಮನಿ ಸೆಮಿಫೈನಲನ್ನು ಅಲ್ಲಿನ ಒಂದು ಐಸ್ ಶೆಡ್ಡಿನಲ್ಲಿ ನೋಡಿದೆ. ಮೂವತ್ತು ಜನ, ಅದರಲ್ಲಿ ಇಪ್ಪತ್ತೈದು ಜನ ಹಳದಿ ಅಂಗಿ. ಆರೇ ನಿಮಿಷದಲ್ಲಿ ನಾಲ್ಕು ಗೋಲು ಬಿದ್ದು, 29ನೇ ನಿಮಿಷಕ್ಕೆ ಸ್ಕೋರು ಐದು–ಸೊನ್ನೆ. ಅಲ್ಲಿ ವಾಲ್ಯೂಮ್ ಪೂರ್ತಿ ಇತ್ತು. ಆದರೆ ಶೆಡ್ಡಿನಲ್ಲಿ ನಮ್ಮ ಮನೆಗಿಂತ ಜಾಸ್ತಿ ಮೌನ. ವಯಸ್ಸಾದ ತಾಂಡೇಲರೊಬ್ಬರು ಬೀಡಿ ಆರಿಸಿ, "ಎಂಜಿನ್ನೇ ಕೈಕೊಟ್ಟಿತು ಮಾರಾಯ," ಅಂದು ಎದ್ದುಹೋದರು. ಏಳು–ಒಂದು ಆಗುವ ತನಕ ಕೂತಿದ್ದವರು ಎಂಟು ಜನ.

ಸರಿ, ಪ್ಲೇಆಫ್ ವಿಷಯಕ್ಕೆ ಬರುತ್ತೇನೆ. ಲೀಗ್ ಮುಗಿದ ಮೇಲೆ ಮುಂದಿರುವ ಕೆಲವು ತಂಡಗಳು, ಸೋತರೆ ಮನೆಗೆ ಅನ್ನುವ ಪಂದ್ಯ ಆಡಿ ಗೆದ್ದವರು ಯಾರು ಅಂತ ತೀರ್ಮಾನ ಮಾಡುವುದು ಪ್ಲೇಆಫ್. ಅಪ್ಪನಿಗೂ ನನಗೂ ನಿಲ್ಲದ ವಾದ ಇದು.

ಅಪ್ಪ ಹಳೆಯ ಕಾಲದ ಲೀಗ್ ಮನುಷ್ಯ. ಅವರ ಪ್ರೀತಿ ಗೋವಾದ ಕ್ಲಬ್ಬುಗಳ ಮೇಲೆ. ಡೆಂಪೊ, ಸಾಲ್ಗಾಂವ್ಕರ್, ಚರ್ಚಿಲ್ ಬ್ರದರ್ಸ್. ಕಾಳಿ ನದಿ ದಾಟಿ, ಸದಾಶಿವಗಡ, ಮಾಜಾಳಿ ದಾಟಿದರೆ ಗೋವಾ. ಬೆಂಗಳೂರು ಐನೂರು ಕಿಲೋಮೀಟರ್ ಆಚೆ. ಯಾವುದು ನಮ್ಮ ತಂಡ ಅಂತ ಕೇಳಿದರೆ ನಮ್ಮ ಕಡೆಯ ಹಳಬರು ನಕ್ಷೆ ನೋಡುವುದಿಲ್ಲ, ಬಸ್ ಚಾರ್ಜ್ ನೋಡುತ್ತಾರೆ. ದೇಶದ ದೊಡ್ಡ ಲೀಗ್ ಐ–ಲೀಗ್ ಆಗಿದ್ದಾಗ 2007–08ರಿಂದ 2012–13ರ ತನಕ ಆರು ವರ್ಷವೂ ಗೋವಾದವರೇ ಚಾಂಪಿಯನ್. ಡೆಂಪೊ ಮೂರು ಸಲ, ಚರ್ಚಿಲ್ ಎರಡು ಸಲ, ಸಾಲ್ಗಾಂವ್ಕರ್ ಒಂದು ಸಲ. ಪ್ಲೇಆಫ್ ಇಲ್ಲ, ಫೈನಲ್ ಇಲ್ಲ. ಎಲ್ಲರ ಜೊತೆ ಎರಡೆರಡು ಸಲ ಆಡು, ಅಂಕ ಕೂಡಿಸು, ಮೇಲಿದ್ದವನು ಗೆದ್ದ.

"ತಮಾ, ವರ್ಷ ಇಡೀ ಗದ್ದೆ ಗೇದವ ಒಬ್ಬ. ಕೊಯ್ಲಿನ ದಿನ ಓಟದಲ್ಲಿ ಗೆದ್ದವನಿಗೆ ಭತ್ತ. ಹೀಗೂ ಉಂಟಾ?" ಇದು ಅಪ್ಪನ ಪ್ರಶ್ನೆ. ಐಎಸ್ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್, ಶುರುವಾದ 2014ರಿಂದ ಕೇಳುತ್ತಿದ್ದಾರೆ.

ಅವರ ಮಾತಿನಲ್ಲಿ ನ್ಯಾಯ ಇಲ್ಲ ಅನ್ನಲಾರೆ. 2019–20ರಲ್ಲಿ ಎಫ್‌ಸಿ ಗೋವಾ ಲೀಗ್ ಪಟ್ಟಿಯಲ್ಲಿ ಮೊದಲು ಬಂತು. ಆದರೆ ಸೆಮಿಫೈನಲ್‌ನಲ್ಲಿ ಚೆನ್ನೈಯಿನ್ ಎದುರು ಎರಡು ಪಂದ್ಯ ಸೇರಿ ಐದು–ಆರರಲ್ಲಿ ಸೋತು ಮನೆಗೆ. ಐದು ಗೋಲು ಹೊಡೆದೂ ಸೋತರು! ಮೊದಲ ಸ್ಥಾನಕ್ಕೆ ಒಂದು ಶೀಲ್ಡ್ ಕೊಟ್ಟರು ಅನ್ನಿ. ಅದನ್ನು ಅಪ್ಪ "ಸಮಾಧಾನಕರ ಬಹುಮಾನ" ಅಂತಾರೆ. ಶಾಲೆಯಲ್ಲಿ ಓಟದಲ್ಲಿ ಬಿದ್ದವರಿಗೆ ಕೊಡುತ್ತಿದ್ದ ಸೋಪ್ ಬಾಕ್ಸಿನ ಹಾಗೆ. 2022–23ರಿಂದ ಇನ್ನೂ ಸಡಿಲ ಮಾಡಿದರು. ಮೊದಲ ಆರು ತಂಡಕ್ಕೂ ಅವಕಾಶ. ಒಂದು, ಎರಡು ನೇರ ಸೆಮಿಫೈನಲ್ಲಿಗೆ. ಮೂರರಿಂದ ಆರರ ತನಕ ಇದ್ದವರು ಒಂದು ರಾತ್ರಿ ಹೊಡೆದಾಡಿಕೊಂಡು ಒಳಗೆ ಬರಬೇಕಿತ್ತು. ಇದೆಲ್ಲ ಟಿವಿಯವರಿಗೆ ಜಾಹೀರಾತು ಸಿಗಲಿ ಅಂತ ಮಾಡಿದ್ದು ಅನ್ನುವುದು ಅಪ್ಪನ ಖಚಿತ ನಂಬಿಕೆ.

ಯುರೋಪಿನಲ್ಲೂ ಅದೇ ಕತೆ. 2024–25ರಲ್ಲಿ ಚಾಂಪಿಯನ್ಸ್ ಲೀಗಿನ ರೂಪ ಬದಲಾಯ್ತು. 36 ತಂಡಕ್ಕೂ ಸೇರಿ ಒಂದೇ ಪಟ್ಟಿ. ಮೊದಲ ಎಂಟು ಮುಂದಕ್ಕೆ, ಒಂಬತ್ತರಿಂದ ಇಪ್ಪತ್ನಾಲ್ಕು ಪ್ಲೇಆಫ್‌ಗೆ. ಆ ಸಲ ಪಟ್ಟಿಯಲ್ಲಿ ಮೊದಲು ಬಂದಿದ್ದು ಇಂಗ್ಲೆಂಡಿನ ಲಿವರ್‌ಪೂಲ್. ಪ್ಯಾರಿಸ್ ಊರಿನ ಪಿಎಸ್‌ಜಿ ಹದಿನೈದನೆಯದು. ಪ್ಲೇಆಫ್‌ನಲ್ಲಿ ಬ್ರೆಸ್ಟ್ ಅನ್ನುವ ತಂಡಕ್ಕೆ ಎರಡು ಪಂದ್ಯ ಸೇರಿ ಹತ್ತು ಗೋಲು ಹೊಡೆದು ಒಳಗೆ ಬಂದ ಪಿಎಸ್‌ಜಿ, ಮುಂದಿನ ಸುತ್ತಿನಲ್ಲೇ ಲಿವರ್‌ಪೂಲನ್ನು ಅವರ ಮನೆಯಂಗಳದಲ್ಲೇ ಪೆನಾಲ್ಟಿಯಲ್ಲಿ ಸೋಲಿಸಿತು. ಹದಿನೈದನೆಯವನು ಮೊದಲನೆಯವನನ್ನು ಹೊರಗೆ ಹಾಕಿದ. ಮಾರ್ಚ್ 12ರ ಬೆಳಗಿನ ಜಾವ, ಪಂದ್ಯ ಮುಗಿದಾಗ ನಾಲ್ಕು ದಾಟಿತ್ತು. ಕೋಡಿಬಾಗದ ರಸ್ತೆಯಲ್ಲಿ ಮೀನು ಮಾರುವ ಹೆಂಗಸರು ಬುಟ್ಟಿ ಹಿಡಿದು ಟೆಂಪೋಗೆ ಕಾಯುತ್ತಿದ್ದ ಸದ್ದು ಕೇಳುತ್ತಿತ್ತು. ಮೇ 31ರ ರಾತ್ರಿ ಮ್ಯೂನಿಕ್‌ನಲ್ಲಿ ಅದೇ ಪಿಎಸ್‌ಜಿ ಫೈನಲ್‌ನಲ್ಲಿ ಇಟಲಿಯ ಇಂಟರ್ ಮಿಲಾನ್‌ಗೆ ಐದು–ಸೊನ್ನೆ. ನಮ್ಮಲ್ಲಿ ತಾರೀಖು ಜೂನ್ 1 ಆಗಿತ್ತು. ಬೋಟುಗಳಿಗೆ ರಜೆ, ಇಂಟರ್‌ಗೂ ರಜೆ. ಅವತ್ತು ನಾನು ಒಂದು ಲೋಟ ನೀರೂ ಕುಡಿಯಲಿಲ್ಲ.

ಹಾಗಾದರೆ ಪ್ಲೇಆಫ್ ಅನ್ಯಾಯವೇ? ಅನ್ಯಾಯವೇ. ನಾನು ಅಪ್ಪನಿಗೆ ಕೊಡುವ ಉತ್ತರ ಬೇರೆ. 1994ರಲ್ಲಿ ಇಟಲಿ ತನ್ನ ಗುಂಪಿನಲ್ಲಿ ಮೂರನೆಯದು. ನಾಲ್ಕೂ ತಂಡಕ್ಕೆ ನಾಲ್ಕು ನಾಲ್ಕೇ ಅಂಕ, ಗೋಲಿನ ಲೆಕ್ಕದಲ್ಲೂ ಐರ್ಲೆಂಡಿಗೆ ಸಮ, ಅವರ ಎದುರು ಸೋತಿದ್ದಕ್ಕೆ ಮೂರನೇ ಸ್ಥಾನ. ಮೂರನೆಯವರಿಗೂ ಒಂದು ಬಾಗಿಲು ಅರ್ಧ ತೆಗೆದಿಟ್ಟಿದ್ದರಿಂದ ಒಳಗೆ ನುಗ್ಗಿದ್ದು. ಆ ಅರ್ಧ ಬಾಗಿಲು ಇಲ್ಲದಿದ್ದರೆ ಬ್ಯಾಜಿಯೊ ಜೂನ್ ತಿಂಗಳಲ್ಲೇ ಮನೆಗೆ. ಹತ್ತು ವರ್ಷದ ನನ್ನನ್ನು ಯಾರೂ ರಾತ್ರಿ ಒಂದು ಗಂಟೆಗೆ ಎಬ್ಬಿಸುತ್ತಿರಲಿಲ್ಲ.

ಇನ್ನೊಂದು ಮಾತು. ಲೀಗ್ ಪಂದ್ಯ ತಪ್ಪಿದರೆ ಬೆಳಿಗ್ಗೆ ಸ್ಕೋರ್ ನೋಡಿದರೆ ಸಾಕು. ಅಂಕ ಎಲ್ಲಿಗೂ ಓಡಿಹೋಗುವುದಿಲ್ಲ. ನಿದ್ದೆ ಮಾಡಿಯೂ ಲೀಗಿನ ಅಭಿಮಾನಿ ಆಗಬಹುದು. ಪ್ಲೇಆಫ್ ಹಾಗಲ್ಲ. ಅಲ್ಲಿ ಕೂರಲೇಬೇಕು. ಕೂತರೆ ಏನು ಬದಲಾಗುತ್ತದೆ ಅಂತ ಹೆಂಡತಿ ಕೇಳುತ್ತಾಳೆ. ಏನೂ ಇಲ್ಲ. ಆಸ್ಪತ್ರೆಯ ವರಾಂಡದಲ್ಲಿ ಕೂತವರಿಂದಲೂ ಏನೂ ಬದಲಾಗುವುದಿಲ್ಲ. ಹಾಗಂತ ಮನೆಗೆ ಹೋಗಿ ಮಲಗುತ್ತೇವಾ?

ರಾತ್ರಿ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಗೆ ಬಂದವರೆಲ್ಲ ಕೇಳುತ್ತಾರೆ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಯುರೋಪಿನವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ ಎಳೆಯುತ್ತಾರೆ. ಹಾಗಾಗಿ ಚಾಂಪಿಯನ್ಸ್ ಲೀಗ್ ಪಂದ್ಯ ಚಳಿಗಾಲದಲ್ಲಿ ನಮಗೆ ಒಂದೂವರೆಗೆ, ಏಪ್ರಿಲ್ ಮೇಲೆ ಹನ್ನೆರಡೂವರೆಗೆ. ಆಯಿ ಪಂಚಾಂಗದಲ್ಲಿ ಏಕಾದಶಿ ಗುರುತು ಹಾಕುವ ಕ್ಯಾಲೆಂಡರಿನಲ್ಲೇ ನಾನು ಇದನ್ನು ಗುರುತು ಹಾಕಿರುತ್ತೇನೆ. ಏಪ್ರಿಲ್‌ನಲ್ಲಿ ಸಿಗುವ ಆ ಒಂದು ಗಂಟೆ ನಿದ್ದೆ ಇದೆಯಲ್ಲ, ಅದರ ಬೆಲೆ ಮರುದಿನ ಹತ್ತು ಗಂಟೆಗೆ ಆಫೀಸಿನಲ್ಲಿ ಕಣ್ಣು ಬಿಟ್ಟು ಕೂರಬೇಕಾದವನಿಗೆ ಗೊತ್ತು.

ಇಟಲಿಗೆ ಈ ಪ್ಲೇಆಫ್ ಅನ್ನುವುದು ಶನಿ. 2006ರಲ್ಲಿ ಅವರು ವಿಶ್ವಕಪ್ ಗೆದ್ದರು, ಅದೂ ಪೆನಾಲ್ಟಿಯಲ್ಲಿ. ಆ ರಾತ್ರಿ ಕರೆಂಟ್ ಇತ್ತು. ಅಷ್ಟು ಸಾಕು, ಖುಷಿಯ ಕತೆ ಬೆಳೆಸಬಾರದು. ಆಮೇಲೆ ಬಂದಿದ್ದು 2017ರ ನವೆಂಬರ್. ವಿಶ್ವಕಪ್‌ಗೆ ಹೋಗಲು ಸ್ವೀಡನ್ ಎದುರು ಪ್ಲೇಆಫ್. ಮೊದಲ ಪಂದ್ಯ ಸೊನ್ನೆ–ಒಂದು ಸೋತು ಬಂದಿದ್ದರು. ಎರಡನೆಯದು ಮಿಲಾನ್‌ನಲ್ಲಿ, ನಮ್ಮ 14ನೇ ತಾರೀಖು ಬೆಳಗಿನ ಜಾವ ಒಂದೂಕಾಲಿಗೆ. ಆಗ ನಾವು ಬೆಂಗಳೂರಿನಲ್ಲಿದ್ದೆವು. ಮಗಳಿಗೆ ಐದು ವರ್ಷ. ಬೆಳಿಗ್ಗೆ ಮಕ್ಕಳ ದಿನಾಚರಣೆ, ಅವಳಿಗೆ ಚಿಟ್ಟೆ ವೇಷ. ರೆಕ್ಕೆಗೆ ಮಿಂಚಿನ ಕಾಗದ ಅಂಟಿಸುವ ಕೆಲಸ ನನ್ನದು. ಹೇಗೂ ಎಚ್ಚರ ಇರುತ್ತೇನಲ್ಲ ಅಂತ ಒಪ್ಪಿಕೊಂಡಿದ್ದೆ. ಇಟಲಿ ಹೊಡೆದಿದ್ದೇ ಹೊಡೆದಿದ್ದು, ಚೆಂಡು ಒಳಗೆ ಹೋಗಲಿಲ್ಲ. ಗೋಲು ಬೇಕಾದ ಹೊತ್ತಿನಲ್ಲಿ ಬೆಂಚಿನಲ್ಲಿದ್ದ ಮಿಡ್‌ಫೀಲ್ಡರ್ ಡಿ ರೋಸ್ಸಿಗೆ ವಾರ್ಮ್ಅಪ್ ಮಾಡು ಅಂದರು. ಅವನು ಸಿಟ್ಟಿನಿಂದ ಪಕ್ಕದಲ್ಲಿದ್ದ ಫಾರ್ವರ್ಡ್ ಇನ್ಸಿನ್ಯೆ ಕಡೆ ಕೈ ತೋರಿಸಿದ: ನನ್ನನ್ನಲ್ಲ, ಇವನನ್ನು ಕಳಿಸಿ. ಸೊನ್ನೆ–ಸೊನ್ನೆ. 1958ರ ನಂತರ ಮೊದಲ ಸಲ ಇಟಲಿ ಇಲ್ಲದ ವಿಶ್ವಕಪ್. ಇಟಲಿಯ ಗೋಲಿ ಬುಫಾನ್ ಕ್ಯಾಮೆರಾ ಮುಂದೆ ಅತ್ತ. ನನ್ನ ಕೈಯಲ್ಲಿ ಫೆವಿಕಾಲ್. ಬೆಳಿಗ್ಗೆ ನೋಡಿದರೆ ಒಂದು ರೆಕ್ಕೆಗೆ ಎರಡೂ ಕಡೆ ಮಿಂಚು, ಇನ್ನೊಂದಕ್ಕೆ ಏನೂ ಇಲ್ಲ. ಮಗಳು ಹಾಗೇ ಹಾಕಿಕೊಂಡು ಹೋದಳು. ಬಹುಮಾನ ಬರಲಿಲ್ಲ, ಅದನ್ನು ಇವತ್ತಿಗೂ ಹೇಳುತ್ತಾಳೆ.

2021ರ ಜುಲೈನಲ್ಲಿ ಇಟಲಿ ಯುರೋ ಕಪ್ ಗೆದ್ದಿತು. ಎಂಟು ತಿಂಗಳಾಗಿತ್ತು ಅಷ್ಟೆ, ಮತ್ತೆ ವಿಶ್ವಕಪ್ ಪ್ಲೇಆಫ್. ಈ ಸಲ ಎದುರಿಗೆ ನಾರ್ತ್ ಮ್ಯಾಸಿಡೋನಿಯಾ. ನಾವು ಅಷ್ಟರಲ್ಲಿ ಕೊರೋನಾ ದೆಸೆಯಿಂದ ಊರಿಗೆ ವಾಪಸ್ ಬಂದು ಇಲ್ಲೇ ಉಳಿದಿದ್ದೆವು. ಮತ್ತೆ ಒಂದೂಕಾಲು, ಮತ್ತೆ ವಾಲ್ಯೂಮ್ ನಾಲ್ಕು. ಇಟಲಿ ಮೂವತ್ತಕ್ಕೂ ಹೆಚ್ಚು ಸಲ ಗೋಲಿನ ಕಡೆ ಹೊಡೆಯಿತು. ನಾನು ಲೋಟವನ್ನು ಕೈಯಲ್ಲೇ ಹಿಡಿದು ಕೂತಿದ್ದೆ. 92ನೇ ನಿಮಿಷದಲ್ಲಿ ಟ್ರಾಯ್ಕೊವ್ಸ್ಕಿ ಅನ್ನುವವನು ದೂರದಿಂದ ಒಂದು ಹೊಡೆದ. ಚೆಂಡು ನೆಲಕ್ಕೆ ತಾಗಿಕೊಂಡೇ ಹೋಗಿ ಮೂಲೆಗೆ ಬಿತ್ತು. ಪಂದ್ಯ ಇದ್ದಿದ್ದು ಪಲೆರ್ಮೊದಲ್ಲಿ. ಆ ಮನುಷ್ಯ ಹಿಂದೆ ಅದೇ ಊರಿನ ಕ್ಲಬ್ಬಿಗೆ ಆಡಿದವನು! ಆ ಮೈದಾನದ ಹುಲ್ಲು ಇಟಲಿಯವರಿಗಿಂತ ಅವನಿಗೇ ಜಾಸ್ತಿ ಪರಿಚಯ.

ನಾನು ಅಲುಗಾಡಲಿಲ್ಲ. ಒಳಗಿನ ಕೋಣೆಯಿಂದ ಅಪ್ಪನ ದನಿ ಬಂತು: "ಸೋತ್ರಾ?"

"ಹೌದು. ನಿಮಗೆ ಹೇಗೆ ಗೊತ್ತಾಯ್ತು?"

"ಇಷ್ಟು ಹೊತ್ತು ಕುರ್ಚಿ ಕಿರ್ ಕಿರ್ ಅಂತಿತ್ತು. ನಿಂತುಹೋಯ್ತು."

ಊರಿಗೆ ಬಂದ ಆ ಎರಡು ವರ್ಷ ಇನ್ನೊಂದು ತಮಾಷೆ. 2020–21, 2021–22, ಎರಡೂ ಸಲ ಐಎಸ್ಎಲ್ ಪಂದ್ಯ ಪೂರ್ತಿ ಗೋವಾದಲ್ಲೇ ಆಯಿತು. ಮಡಗಾಂವದ ಫಟೋರ್ಡಾ ಮೈದಾನ ನಮ್ಮ ಮನೆಯಿಂದ ಎಪ್ಪತ್ತು ಕಿಲೋಮೀಟರ್ ಹತ್ತಿರ. ಬೆಂಗಳೂರು ತಂಡ ನನ್ನ ಹಿಂದೆಯೇ ಕರಾವಳಿಗೆ ಬಂದುಬಿಟ್ಟಿತ್ತು. ಆದರೆ ಆಟಗಾರರು ಹೋಟೆಲಿನಲ್ಲಿ ಬಂದಿ, ಮೈದಾನಕ್ಕೆ ಬೀಗ, ಗ್ಯಾಲರಿ ಖಾಲಿ. ಕಂಠೀರವದಲ್ಲಿ ಟಿಕೆಟ್ ತೆಗೆದು ನೋಡುತ್ತಿದ್ದ ತಂಡ ಇಷ್ಟು ಹತ್ತಿರ ಬಂದಾಗ ಟಿವಿಯಲ್ಲೇ ನೋಡಬೇಕಾಯಿತು. ಬೀಗ ತೆಗೆದ ಮೇಲಾದರೂ ಹೋಗಬಹುದಿತ್ತಲ್ಲ ಅಂತೀರಾ? ಒಂದೆರಡು ಸಲ ಹೋದೆ. ಪಂದ್ಯ ಮುಗಿದ ಮೇಲೆ ರಾತ್ರಿ ಹತ್ತಕ್ಕೆ ಮಡಗಾಂವದಿಂದ ಕಾರವಾರಕ್ಕೆ ಬರುವುದೇ ಒಂದು ಪ್ಲೇಆಫ್. ಅಪ್ಪನ ಮೊಣಕಾಲಿಗೆ ಅದು ಆಗುವ ಮಾತಲ್ಲ.

ಆ ದಾರಿಯ ಬಗ್ಗೆ ಇನ್ನೊಂದು ನೆನಪು. 2024ರ ಆಗಸ್ಟ್ 6ರ ರಾತ್ರಿ, ತಾರೀಖು 7ಕ್ಕೆ ಹೊರಳಿತ್ತು. ಪ್ಯಾರಿಸ್ ಒಲಿಂಪಿಕ್ಸಿನ ಮಹಿಳಾ ಫುಟ್‌ಬಾಲ್ ಸೆಮಿಫೈನಲ್, ಬ್ರೆಜಿಲ್ ಮತ್ತು ಸ್ಪೇನ್. ಹನ್ನೆರಡೂವರೆಗೆ ಶುರು. ಒಂದು ಗಂಟೆ ದಾಟಿದ ಮೇಲೆ ಫೋನಿಗೆ ಒಂದರ ಹಿಂದೆ ಒಂದು ಮೆಸೇಜು. "ಬಿತ್ತು!" "ಬಿತ್ತಂತೆ!" ನಮ್ಮ ಫುಟ್‌ಬಾಲ್ ಗುಂಪಿನವರು ಗೋಲಿನ ಬಗ್ಗೆ ಹೇಳುತ್ತಿದ್ದಾರೆ ಅಂದುಕೊಂಡೆ. ಇಷ್ಟು ಗೋಲು ಯಾವಾಗ ಬಿತ್ತು ಅಂತ ಟಿವಿ ನೋಡಿದರೆ ಸ್ಕೋರ್ ಹಾಗೇ ಇತ್ತು. ಬಿದ್ದಿದ್ದು ಕಾಳಿ ನದಿಯ ಹಳೆಯ ಸೇತುವೆ. ಲಾರಿಯೊಂದು ಸೇತುವೆ ಜೊತೆಗೇ ನದಿಗೆ ಹೋಗಿತ್ತು. ಚಾಲಕನನ್ನು ಜೀವಸಹಿತ ಮೇಲೆತ್ತಿದರು ಅಂತ ಗೊತ್ತಾಗುವ ತನಕ ನಾನೂ ಅಪ್ಪನೂ ಗೇಟಿನ ಹತ್ತಿರ ಕೊಡೆ ಹಿಡಿದು ನಿಂತಿದ್ದೆವು. ಒಳಗೆ ಟಿವಿ ತನ್ನಷ್ಟಕ್ಕೆ ಓಡುತ್ತಿತ್ತು. ಬ್ರೆಜಿಲ್ ನಾಲ್ಕು–ಎರಡು ಗೆದ್ದಿತಂತೆ. ಅಪ್ಪ ಡೆಂಪೊ ಆಟ ನೋಡಲು ಬಸ್ಸಿನಲ್ಲಿ ಎಷ್ಟೋ ಸಲ ದಾಟಿದ ಸೇತುವೆ ಅದು. ಬೆಳಿಗ್ಗೆ ಹೋಗಿ ನೋಡಿ ಬಂದರು, ಏನೂ ಮಾತಾಡಲಿಲ್ಲ. ಈಗ ಪಕ್ಕದ ಹೊಸ ಸೇತುವೆಯೇ ಎಲ್ಲದಕ್ಕೂ.

ಬೆಂಗಳೂರು–ಗೋವಾ ಜಗಳಕ್ಕೆ ಬಂದೆ. ನನ್ನದು ಬೆಂಗಳೂರು ಎಫ್‌ಸಿ, ಅಪ್ಪನದು ಎಫ್‌ಸಿ ಗೋವಾ. 2019ರ ಮಾರ್ಚ್ 17ರಂದು ಇವೆರಡೂ ಮುಂಬೈಯಲ್ಲಿ ಫೈನಲ್ ಆಡಿದವು. 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಕಾರ್ನರಿಗೆ ತಲೆ ಕೊಟ್ಟು ಗೆಲ್ಲಿಸಿದ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕುಣಿದಾಡಿ ಅಪ್ಪನಿಗೆ ಫೋನ್ ಹಚ್ಚಿದೆ. ಆಯಿ ತೆಗೆದಳು. "ಅವರು ಮಲಗಿದ್ದಾರೆ ತಮಾ." ಹಿಂದಿನಿಂದ ಟಿವಿಯಲ್ಲಿ ಬಹುಮಾನ ಸಮಾರಂಭದ ಸದ್ದು ನನಗೆ ಚೆನ್ನಾಗಿ ಕೇಳುತ್ತಿತ್ತು.

2023ರ ಮಾರ್ಚ್ 3ರ ಪ್ಲೇಆಫ್ ಎಲ್ಲರಿಗೂ ನೆನಪಿರುತ್ತದೆ. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಹೆಚ್ಚುವರಿ ಸಮಯದಲ್ಲಿ ಸುನಿಲ್ ಚೆಟ್ರಿ ಫ್ರೀಕಿಕ್ಕನ್ನು, ಎದುರಿನವರು ಗೋಡೆ ಕಟ್ಟುವ ಮೊದಲೇ ಹೊಡೆದುಬಿಟ್ಟ. ರೆಫರಿ ಗೋಲು ಅಂದರು. ಕೇರಳದವರು ಕೋಚ್ ಸಮೇತ ಮೈದಾನ ಬಿಟ್ಟು ಹೋದರು. ಆಮೇಲೆ ಅವರಿಗೆ ನಾಲ್ಕು ಕೋಟಿ ರೂಪಾಯಿ ದಂಡ ಬಿತ್ತು. ದೇಶವೆಲ್ಲ ವಾರಗಟ್ಟಲೆ ಚರ್ಚೆ. ಅಪ್ಪನಿಗೆ ಮಾತ್ರ ಇದರಲ್ಲಿ ವಿಶೇಷವೇ ಕಾಣಲಿಲ್ಲ. "ಮಾಲಾದೇವಿಯಲ್ಲಿ ಪ್ರತಿ ಟೂರ್ನಮೆಂಟಿಗೆ ಒಂದು ತಂಡ ಹೀಗೆ ಎದ್ದುಹೋಗ್ತಿತ್ತು. ನಾವೂ ಒಂದ್ಸಲ ಹೋಗಿದ್ವಿ. ದಂಡ ಅಂತ ಹನ್ನೊಂದು ಸೋಡಾ ಕೊಡಿಸಿದ್ವಿ ಅಷ್ಟೆ."

ನಾನು ಬರೆಯಬೇಕು ಅಂದುಕೊಂಡಿದ್ದು 2025ರ ಏಪ್ರಿಲ್ 6ರ ಬಗ್ಗೆ. ಭಾನುವಾರ, ರಾಮನವಮಿ. ಆ ಸಲ ಗೋವಾ ಪಟ್ಟಿಯಲ್ಲಿ ಎರಡನೆಯದು, ನೇರ ಸೆಮಿಫೈನಲ್ಲಿಗೆ. ಬೆಂಗಳೂರು ಮೂರನೆಯದು, ಮುಂಬೈ ತಂಡಕ್ಕೆ ಐದು ಗೋಲು ಹಾಕಿ ಪ್ಲೇಆಫ್ ಬಾಗಿಲಿಂದ ಒಳಗೆ ಬಂದಿತ್ತು. ಮೊದಲ ಸೆಮಿಫೈನಲ್ ಕಂಠೀರವದಲ್ಲಿ, ಬೆಂಗಳೂರು ಎರಡು–ಸೊನ್ನೆ. ಎರಡನೆಯದು ಫಟೋರ್ಡಾದಲ್ಲಿ. ಸಂಜೆ ಏಳೂವರೆಗೆ ಶುರು. ಇದು ರಾತ್ರಿ ಪಂದ್ಯ ಅಲ್ಲ, ಹಾಗಾಗಿ ವಾಲ್ಯೂಮ್ ಇಪ್ಪತ್ತೆರಡು. ಬೆಳಿಗ್ಗೆ ಮಾಡಿದ ಬೆಲ್ಲದ ಪಾನಕ ಅರ್ಧ ಪಾತ್ರೆ ಉಳಿದಿತ್ತು. ಆಯಿ, ಹೆಂಡತಿ, ಮಗಳು ಎಲ್ಲರೂ ಹಾಲ್‌ನಲ್ಲಿದ್ದರು. ಪಕ್ಕದ ಮನೆಯ ನಿವೃತ್ತ ಮಾಸ್ತರರೂ ಬಂದಿದ್ದರು. ಅವರ ಮಗಳನ್ನು ಕೊಟ್ಟಿದ್ದು ಮಡಗಾಂವಕ್ಕೆ. ಅವರ ಪಕ್ಷ ಯಾವುದು ಅಂತ ಕೇಳುವ ಅಗತ್ಯ ಇರಲಿಲ್ಲ.

ಅಪ್ಪ ಮೊದಲರ್ಧ ಪೂರ್ತಿ ಪೇಪರ್ ಓದುವ ನಾಟಕ ಮಾಡಿದರು. ಅರ್ಧ ಗಂಟೆ ಒಂದೇ ಪುಟ. 49ನೇ ನಿಮಿಷದಲ್ಲಿ ಬೋರ್ಹಾ ಹೆರೇರಾ ಗೋವಾಕ್ಕೆ ಒಂದು ಹೊಡೆದ. ಪೇಪರ್ ಮಡಚಿಟ್ಟರು. ಇನ್ನೊಂದು ಬಿದ್ದರೆ ಸಮ. ಗೋವಾ ಅಲೆ ಅಲೆಯಾಗಿ ಬರುತ್ತಿತ್ತು, ಬೆಂಗಳೂರಿನವರು ಸಿಕ್ಕಿದ್ದನ್ನು ಹೊರಗೆ ಬಡಿಯುತ್ತಿದ್ದರು. 88ನೇ ನಿಮಿಷ. ಸಾದಿಕು ಹೊಡೆದ. ಎರಡು–ಎರಡು.

ಅಪ್ಪ ಎದ್ದರು. ಆ ಮೊಣಕಾಲು ಹಿಡಿದುಕೊಂಡು ಏಳಲು ಬೇರೆ ದಿನ ಅರ್ಧ ನಿಮಿಷ ಬೇಕು, ಗೋಡೆ ಬೇಕು, ಮೊಮ್ಮಗಳ ಹೆಗಲು ಬೇಕು. ಅವತ್ತು ಏನೂ ಬೇಕಾಗಲಿಲ್ಲ. ಎರಡೂ ಕೈ ಮೇಲೆತ್ತಿ "ಗೋಲ್! ಗೋಲ್!" ಅಂತ ಕೂಗಿದರು. ಮಾಸ್ತರರು ಅವರನ್ನು ತಬ್ಬಿಕೊಂಡರು. ಆಯಿ "ಬೀಳ್ತೀರಿ, ಬೀಳ್ತೀರಿ," ಅಂತ ಲುಂಗಿ ಹಿಡಿದು ನಿಂತಳು. ಅಪ್ಪ ಹಾಗೆ ಕೂಗಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನೋಡಲು ಸಾಧ್ಯವೂ ಇರಲಿಲ್ಲ. ನಾವಿಬ್ಬರೂ ಒಟ್ಟಿಗೆ ನೋಡಿದ ಪಂದ್ಯವೆಲ್ಲ ಮನೆ ಮಲಗಿದ ಮೇಲಿನವು.

ಅವರು ಇನ್ನೂ ಕೂತಿರಲಿಲ್ಲ. 92ನೇ ನಿಮಿಷ. ಬೆಂಗಳೂರಿಗೆ ಒಂದು ಕ್ರಾಸ್ ಬಂತು. ನಡುವೆ ಸುನಿಲ್ ಚೆಟ್ರಿ. ನನ್ನದೇ ವಯಸ್ಸು, 1984ರವನು, ನಲವತ್ತು. ನನಗೆ ಮಾಳಿಗೆ ಹತ್ತಿದರೆ ಏದುಸಿರು ಬರುತ್ತದೆ. ಅವನು ತಲೆ ಕೊಟ್ಟ. ಚೆಂಡು ಒಳಗೆ. ಎರಡು ಪಂದ್ಯ ಸೇರಿ ಮೂರು–ಎರಡು, ಬೆಂಗಳೂರು ಫೈನಲ್ಲಿಗೆ. ಆರು ದಿನ ಬಿಟ್ಟು ಕೋಲ್ಕತ್ತದಲ್ಲಿ ಮೋಹನ್ ಬಗಾನ್ ಎದುರು ಸೋತರು, ಅದು ಬೇರೆ ಮಾತು.

ಗಂಟೆ ಒಂಬತ್ತೂವರೆಯೂ ಆಗಿರಲಿಲ್ಲ. ಯಾರೂ ಮಲಗಿರಲಿಲ್ಲ. ವಾಲ್ಯೂಮ್ ಇಪ್ಪತ್ತೆರಡು. ನಾನು ಬಾಯಿ ತೆಗೆದೆ. ಎದುರಿಗೆ ಅಪ್ಪ, ಎತ್ತಿದ ಕೈ ಇನ್ನೂ ಪೂರ್ತಿ ಕೆಳಗೆ ಬಂದಿರಲಿಲ್ಲ. ಮಾಸ್ತರರ ಹೆಗಲ ಮೇಲೆ ಒಂದು ಕೈ, ಗಾಳಿಯಲ್ಲಿ ಒಂದು ಕೈ.

ನಾನು ಸುಮ್ನೆ ಎದ್ದು ಅಡುಗೆಮನೆಗೆ ಹೋದೆ. ಕೊಡದ ಮುಚ್ಚಳ ತೆಗೆದು ಒಂದು ಲೋಟ ನೀರು ಬಗ್ಗಿಸಿದೆ.

ಹಾಲ್‌ನಿಂದ ಅಪ್ಪ ಕರೆದರು. "ತಮಾ, ನೀರು ಸಾಕು. ಪಾನಕ ಉಳಿದಿದ್ದರೆ ಎರಡು ಲೋಟಕ್ಕೆ ಹಾಕ್ಕೊಂಡು ಬಾ."